ನೆಲ ಬದಲಾದಾಗ

ಭಾಗಮಂಡಲವನ್ನು ಯಾತ್ರಿಕರು ಕಾವೇರಿ, ಕನ್ನಿಕೆ, ಸುಜ್ಯೋತಿಗಳ ಸಂಗಮವೆಂದು ಬಲ್ಲರು. ವಾಹನ ನಡೆಸುವವರು ಅದನ್ನು ರಸ್ತೆಗಳು ಕೂಡುವ ಸ್ಥಳವೆಂದು ಬಲ್ಲರು. ಚೇರಂಬಾಣೆಯ ಮಾರ್ಗವಾಗಿ ಮಡಿಕೇರಿಯಿಂದ ಬರುವ ದಾರಿ, ಅಯ್ಯಂಗೇರಿಯನ್ನು ಹಾಯ್ದು ನಾಪೋಕ್ಲಿಗೆ ಹೋಗುವ ದಾರಿ, ಬ್ರಹ್ಮಗಿರಿಯ ಮೈಯನ್ನು ಬಳಸುತ್ತ 8 ಕಿಲೋಮೀಟರು ಏರಿ ತಲಕಾವೇರಿಯನ್ನು ಮುಟ್ಟುವ ದಾರಿ, ಇವೆಲ್ಲ ಒಂದು ತೂಕವಾದರೆ, ಪಶ್ಚಿಮದ ಅಡವಿಯನ್ನು ಹೊಕ್ಕು ಕರಿಕೆಗೆ ಇಳಿದು, ಪಾಣತ್ತೂರನ್ನು ದಾಟಿ, ಕನ್ನಡಿಗರು ಹೊಸದುರ್ಗವೆಂದು ಕರೆಯುತ್ತಿದ್ದ ಕಾಞಂಗಾಡಿನ ಕಡಲಂಚಿನವರೆಗೆ ಸಾಗುವ ಘಾಟಿಯ ದಾರಿಯದು ಇನ್ನೊಂದೇ ತೂಕ. ವರ್ಷವೊಂದಕ್ಕೆ 5000 ಮಿಲಿಮೀಟರಿಗೂ ಮಿಕ್ಕಿದ ಮಳೆ ಸುರಿಯುವ ಈ ಪ್ರದೇಶದಲ್ಲಿ ರಸ್ತೆಯೆಂಬುದು ಸ್ಥಿರವಸ್ತುವಲ್ಲ. ಬೇಸಗೆಯಲ್ಲಿ ಧೂಳಾಗಿಯೂ, ಆಷಾಢದಲ್ಲಿ ಕೆಸರಾಗಿಯೂ, ಆಶ್ವಯುಜದಲ್ಲಿ ಪಾಚಿ ಹಿಡಿದ ಕಲ್ಲಾಗಿಯೂ ರೂಪಾಂತರ ಹೊಂದುವ ಅದೇ ತಿರುವನ್ನು ನಿತ್ಯವೂ ಬಳಸಬೇಕಾದ ಬಸ್ಸಿನ ಚಾಲಕನೂ ಜೀಪಿನ ಚಾಲಕನೂ ಚಕ್ರದ ಕೆಳಗಣ ನೆಲದ ಮಾತನ್ನು ಬೆನ್ನುಹುರಿಯಿಂದಲೇ ಕೇಳಿಸಿಕೊಳ್ಳಲು ಕಲಿತಿರುತ್ತಾರೆ.

ಭಾಗಮಂಡಲದಲ್ಲಿ ಮೋಟಾರು ಪಂದ್ಯಗಳ ಪಥವಿಲ್ಲ, ವೀಕ್ಷಕರ ಅಟ್ಟಣಿಗೆಯಿಲ್ಲ. ಆದರೂ ಮೋಟಾರು ಪಂದ್ಯಗಳ ಲೋಕದಲ್ಲಿ ಬಹುಕಾಲದಿಂದ ಚರ್ಚೆಗೆ ವಸ್ತುವಾಗಿರುವ ಒಂದು ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಊರಿಗಿಂತ ತಕ್ಕ ನೆಲೆ ಸಿಗಲಾರದೆಂದು ನನಗೆ ತೋರುತ್ತದೆ. ಒಬ್ಬ ಸವಾರನು ಅಥವಾ ಚಾಲಕನು ವರ್ಷಾನುವರ್ಷ ತನ್ನ ಸಮಕಾಲೀನರೆಲ್ಲರನ್ನೂ ಹಿಂದಿಕ್ಕಿ ಏಕಾಧಿಪತ್ಯವನ್ನು ಮೆರೆದಾಗ, ಅದು ಅವನ ಜನ್ಮಜಾತ ಪ್ರತಿಭೆಯ ಫಲವೋ, ಅವನ ಕೈಗೆ ಸಿಕ್ಕ ಯಂತ್ರದ ಮಹಿಮೆಯೋ, ಅಥವಾ ಅವನು ಹುಟ್ಟಿ ಬೆಳೆದ ನೆಲದ ಶಿಕ್ಷಣವೋ? ಯಂತ್ರದ ಪಾಲು ಎಷ್ಟು ದೊಡ್ಡದೆಂಬುದಕ್ಕೆ 2023ರ ಫಾರ್ಮುಲಾ ಒನ್ ಋತುವೊಂದೇ ಸಾಕು: ಅಂದು ನಡೆದ 22 ಪಂದ್ಯಗಳಲ್ಲಿ 19ನ್ನು ಮ್ಯಾಕ್ಸ್ ವರ್ಸ್ಟಾಪನ್ ಒಬ್ಬನೇ ಗೆದ್ದನು, ಆದರೆ ಮಿಕ್ಕ ಮೂರರಲ್ಲಿ ಎರಡು ಅದೇ ರೆಡ್‌ಬುಲ್ ಕಾರಿನ ಇನ್ನೊಬ್ಬ ಚಾಲಕನ ಪಾಲಾದುವು. ಗೆಲುವಿನ ಪಟ್ಟಿಯನ್ನು ನೋಡಿ ಪ್ರತಿಭೆಯನ್ನು ಅಳೆಯಹೊರಟವನು ಇಂತಹ ಕಡೆ ದಾರಿ ತಪ್ಪುತ್ತಾನೆ. ಚಾಂಪಿಯನ್ನನನ್ನು ಅವನ ಸ್ವಂತ ನೆಲದಿಂದ ಎತ್ತಿ ಪರಕೀಯ ನೆಲದಲ್ಲಿ ಇಳಿಸಿದಾಗ ಅವನ ಕೈಯಲ್ಲಿ ಉಳಿಯುವುದೆಷ್ಟೋ ಅದನ್ನೇ ಪ್ರತಿಭೆಯೆಂದು ಎಣಿಸುವುದು ನ್ಯಾಯವೆಂಬುದು ನನ್ನ ಪಕ್ಷ. ಮತ್ತು ಈ ಪರೀಕ್ಷೆಗೆ ಕನ್ನಡನಾಡಿನ ಮೋಟಾರು ಕ್ರೀಡೆಯ ಇತಿಹಾಸವು ತಾನೇ ತಾನಾಗಿ ಒಡ್ಡಿಕೊಂಡಿದೆ.

ಕೊಡಗಿನಲ್ಲಿ ಈ ಕಥೆ ಜೀಪಿನಿಂದ ಆರಂಭವಾಗುತ್ತದೆ. 1834ರಲ್ಲಿ ಬ್ರಿಟಿಷರ ಆಳ್ವಿಕೆಗೆ ಒಳಗಾದ ಈ ನಾಡಿನಲ್ಲಿ ಶತಮಾನದ ಮಧ್ಯಭಾಗದ ವೇಳೆಗೆ ಕಾಫಿಯ ತೋಟಗಳು ಹಬ್ಬತೊಡಗಿದುವು. ಕಾಫಿಯನ್ನು ಕರಾವಳಿಯ ಬಂದರುಗಳಿಗೆ ಇಳಿಸುವ ಸಲುವಾಗಿ ಘಾಟಿಯ ದಾರಿಗಳು ಗಾಡಿಗಳಿಗೆ ಯೋಗ್ಯವಾದುವು. ಎರಡನೆಯ ಮಹಾಯುದ್ಧ ಮುಗಿದು, ಸ್ವಾತಂತ್ರ್ಯದ ಹೊಸತರಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ, ನಾಲ್ಕು ಚಕ್ರಗಳಿಗೂ ಬಲ ಹರಿಯುವ ಆ ಒರಟು ವಾಹನವು ಕೊಡಗಿನ ತೋಟದ ಮನೆಗಳಿಗೆ ಬಂದು ಅಲ್ಲಿಯದೇ ಆಗಿಹೋಯಿತು. ಗೊಬ್ಬರದ ಮೂಟೆಯನ್ನು ಬಾಣೆಯ ತುದಿಗೆ ಸಾಗಿಸುವುದಕ್ಕೂ, ಕಾಯಿಲೆಯವರನ್ನು ಮಡಿಕೇರಿಯ ಆಸ್ಪತ್ರೆಗೆ ಒಯ್ಯುವುದಕ್ಕೂ, ಮದುವೆಯ ದಿಬ್ಬಣಕ್ಕೂ ಅದೇ ಜೀಪು. ಮಂದಲ್‌ಪಟ್ಟಿಯ ಕಡಿದಾದ ಏರಿನಲ್ಲಿ ಇಂದು ಪ್ರವಾಸಿಗರನ್ನು ಕೂಡಿಸಿಕೊಂಡು ಹೋಗುವ ಜೀಪಿನ ಹುಡುಗರು, ಜಾರುವ ಜಲ್ಲಿಯ ಮೇಲೆ ಹಿಂದಿನ ಚಕ್ರಗಳು ಓರೆಯಾಗಿ ಸರಿಯುವುದನ್ನು ಸ್ಟೀರಿಂಗಿನ ಎರಡು ಬೆರಳಗಲದ ತಿರುವಿನಿಂದ ಸರಿಪಡಿಸುವುದನ್ನು ಕಂಡವರಿಗೆ, ಪ್ರತಿಭೆ ದುರ್ಲಭವಾದ ವಸ್ತುವೆಂಬ ನಂಬಿಕೆ ಸಡಿಲವಾಗದೆ ಇರದು. ದುರ್ಲಭವಾದುದು ಹಣ, ಪಂದ್ಯದ ಪರವಾನಗಿ, ಸುರಕ್ಷೆಯ ಪಂಜರ, ಟೈರು, ಮೆಕ್ಯಾನಿಕ್ಕುಗಳ ತಂಡ, ಇವೆಲ್ಲಕ್ಕೂ ತಗಲುವ ವೆಚ್ಚವನ್ನು ಭರಿಸಬಲ್ಲ ಪೋಷಕ.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಕೊಡವರು ಹುಟ್ಟು ಯೋಧರು, ಹುಟ್ಟು ಹಾಕಿ ಆಟಗಾರರು ಎಂದು ಹೊರಗಿನವರು ಹೊಗಳುವುದು ವಾಡಿಕೆಯಾಗಿದೆ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಮುಂತಾದವರನ್ನು ದೇಶಕ್ಕೆ ಕೊಟ್ಟ ನಾಡಿಗೆ ಆ ಹೊಗಳಿಕೆ ಅನರ್ಹವೇನೂ ಅಲ್ಲ. ಆದರೆ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ನೋಡಿದವರು, ನೂರಾರು ಕುಟುಂಬಗಳ ಅಜ್ಜ ಮೊಮ್ಮಕ್ಕಳು ಒಂದೇ ತಂಡದಲ್ಲಿ ಆಡುವ ಆ ದೃಶ್ಯದಲ್ಲಿ ರಕ್ತಗುಣದ ಪಾಲೆಷ್ಟು, ಅಂಗಳದಲ್ಲಿ ಎಳವೆಯಿಂದಲೂ ಬಿದ್ದಿರುವ ಹಾಕಿ ಕೋಲಿನ ಪಾಲೆಷ್ಟು ಎಂದು ವಿಚಾರಿಸಿಕೊಳ್ಳದೆ ಇರಲಾರರು. ಸ್ವಭಾವವೆಂದು ನಾವು ಕರೆಯುವುದರ ಬಹುಭಾಗ ಸಹವಾಸವೇ ಆಗಿರುತ್ತದೆ.

ಪಂದ್ಯಗಳ ವ್ಯವಸ್ಥಿತ ಇತಿಹಾಸಕ್ಕೆ ಬಂದರೆ, ದಕ್ಷಿಣ ಭಾರತದಲ್ಲಿ ಅದರ ತೊಟ್ಟಿಲು ಮದರಾಸಿನ ಬಳಿಯ ಶೋಳಾವರಂ. ಯುದ್ಧಕಾಲದಲ್ಲಿ ವಿಮಾನಗಳಿಗಾಗಿ ಹಾಸಿದ ಓಡುದಾರಿಯನ್ನು ಯುದ್ಧಾನಂತರ ಮೋಟಾರು ಪ್ರಿಯರು ತಮ್ಮದಾಗಿಸಿಕೊಂಡರು. 1953ರಲ್ಲಿ ಸ್ಥಾಪಿತವಾದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಪಂದ್ಯಗಳನ್ನು ನಡೆಸಿ, ಕಡೆಗೆ 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಶಾಶ್ವತ ಪಥವನ್ನೇ ನಿರ್ಮಿಸಿತು. ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ ತಯಾರಾಗುತ್ತಿದ್ದ ಜಾವಾ ಮತ್ತು ಅನಂತರದ ಯೆಜ್ದಿ ಮೋಟಾರುಸೈಕಲುಗಳು, ಎರಡು ಸ್ಟ್ರೋಕಿನ ಸರಳ ಇಂಜಿನು ಮತ್ತು ಗಟ್ಟಿಮುಟ್ಟಾದ ಚೌಕಟ್ಟಿನ ಕಾರಣದಿಂದ, ಪಥದಲ್ಲಿಯೂ ಮಣ್ಣಿನಲ್ಲಿಯೂ ನಮ್ಮ ಹುಡುಗರಿಗೆ ಮೊದಲ ಆಯುಧಗಳಾದುವು. ಬೆಂಗಳೂರಿನಿಂದ ಮೈಸೂರನ್ನು ಹಾಯ್ದು ಮಡಿಕೇರಿಯನ್ನು ಏರುವ ದಾರಿಯಲ್ಲಿ ಯೆಜ್ದಿಯ ಸದ್ದನ್ನು ಕೇಳದ ಊರು ಅಂದು ಇರಲಿಲ್ಲ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಇಂಜಿನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಒಂದು ತಲೆಮಾರಿಗೆ ಕಲಿಸಿಯೇ ಮುಚ್ಚಿತು.

ತಮಿಳುನಾಡಿಗೆ ಇರುಂಗಾಟ್ಟುಕೋಟೈಯೂ ಕೊಯಮತ್ತೂರಿನ ಕರಿ ಸ್ಪೀಡ್‌ವೇಯೂ ದೊರೆತಂತೆ ಕರ್ನಾಟಕಕ್ಕೆ ಅಂತಹ ದೊಡ್ಡ ಪಥ ದೊರೆಯಲಿಲ್ಲ. ಇದನ್ನು ದೌರ್ಭಾಗ್ಯವೆಂದು ಕ್ರೀಡಾಪ್ರಿಯರು ಹಲುಬಿದ್ದುಂಟು. ಆದರೆ ಪಥವಿಲ್ಲದ ನಾಡು ರಸ್ತೆಯನ್ನೂ ತೋಟವನ್ನೂ ಗದ್ದೆಯನ್ನೂ ಪಥವಾಗಿಸಿಕೊಂಡಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು 1970ರ ದಶಕದಿಂದ ನಡೆಸಿಕೊಂಡು ಬಂದ ಕೆ-1000 ಎಂಬ ರ‍್ಯಾಲಿ ಈ ಪರಂಪರೆಗೆ ಬೆನ್ನೆಲುಬು. ಆ ಕಾಲದ ರ‍್ಯಾಲಿಗಳಲ್ಲಿ ವೇಗವೊಂದೇ ಗುಣವೆನಿಸಿರಲಿಲ್ಲ. ಸಮಯ, ವೇಗ, ದೂರ ಎಂಬ ಮೂರನ್ನೂ ಹೊಂದಿಸಿ, ನಿಗದಿಯಾದ ಸರಾಸರಿಗಿಂತ ಮುಂಚಿತವಾಗಿ ತಲುಪಿದವನಿಗೂ ತಡವಾಗಿ ತಲುಪಿದವನಿಗೂ ದಂಡ ವಿಧಿಸುತ್ತಿದ್ದ ಕಾರಣ, ಚಾಲಕನ ಪಕ್ಕದಲ್ಲಿ ಕುಳಿತು ಗಡಿಯಾರವನ್ನೂ ಲೆಕ್ಕದ ಹಾಳೆಯನ್ನೂ ಹಿಡಿದ ಸಂಗಾತಿಯ ಬುದ್ಧಿಯೇ ಅನೇಕ ವೇಳೆ ಪಂದ್ಯವನ್ನು ಗೆಲ್ಲಿಸುತ್ತಿತ್ತು. 1988ರಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ ಆರಂಭವಾಯಿತು. ಸಾರ್ವಜನಿಕರ ಸಂಚಾರವನ್ನು ಮುಚ್ಚಿದ ಮಣ್ಣಿನ ದಾರಿಗಳಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಓಡುವ ವಿಶೇಷ ಹಂತಗಳು ರ‍್ಯಾಲಿಯ ಜೀವಾಳವಾದುವು. ಲೀಲಾಕೃಷ್ಣನ್, ಹರಿ ಸಿಂಗ್, ನರೇನ್ ಕುಮಾರ್ ಇವರು ಒಬ್ಬರಾದ ಮೇಲೊಬ್ಬರು ವರ್ಷಗಟ್ಟಲೆ ಆಧಿಪತ್ಯ ನಡೆಸಿದರು.

ಅಂತಹ ಹಂತಗಳಿಗೆ ಕಾಫಿಯ ತೋಟಕ್ಕಿಂತ ಒಪ್ಪುವ ಸ್ಥಳವಿಲ್ಲವೆಂಬುದು ಬೇಗನೆ ಅರಿವಿಗೆ ಬಂತು. ತೋಟದ ದಾರಿ ಖಾಸಗಿಯದಾದುದರಿಂದ ಮುಚ್ಚುವುದು ಸುಲಭ. ಸಿಲ್ವರ್ ಓಕ್ ಮರಗಳ ನಡುವೆ ಹಾವಿನಂತೆ ಹೊರಳುವ ಆ ದಾರಿಗಳಲ್ಲಿ ಒಂದು ತಿರುವಿನಿಂದ ಮುಂದಿನ ತಿರುವು ಕಾಣದು. ಬೆಳಗಿನ ಇಬ್ಬನಿಯಲ್ಲಿ ತೊಯ್ದ ಕೆಂಪು ಮಣ್ಣು ಮಧ್ಯಾಹ್ನದ ವೇಳೆಗೆ ಒಣಗಿ, ಒಂದೇ ಹಂತವು ಒಂದೇ ದಿನದಲ್ಲಿ ಎರಡು ಸ್ವಭಾವಗಳನ್ನು ತೋರುವುದು. ಚಿಕ್ಕಮಗಳೂರಿನ ತೋಟಗಳಲ್ಲಿ 2015 ಮತ್ತು 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ನಡೆಯಿತು. ಕೊಡಗಿನಲ್ಲಿ ಕಾಫಿಯ ತಳಿಯ ಹೆಸರನ್ನೇ ಹೊತ್ತ ರೋಬಸ್ಟಾ ರ‍್ಯಾಲಿ ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತಾಗಿ ಬೆಳೆದಿದೆ.

ಕರಿಕೆಯ ಘಾಟಿ ಇಳಿದು ಕಡಲಂಚನ್ನು ಮುಟ್ಟಿ ಉತ್ತರಕ್ಕೆ ತಿರುಗಿದರೆ ಕಾಸರಗೋಡನ್ನು ದಾಟಿದ ಮೇಲೆ ಕುಂಬಳೆ ಬರುತ್ತದೆ. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಡಿಯ ಜಗಲಿಯಲ್ಲಿ ಬೆರೆಯುವ ಆ ಸೀಮೆಯ ಮೂಸಾ ಶರೀಫ್ ಎಂಬಾತನನ್ನು ಈ ಚರಿತ್ರೆಯಲ್ಲಿ ವಿಶೇಷವಾಗಿ ಸ್ಮರಿಸಬೇಕು. ಆತ ಸ್ಟೀರಿಂಗ್ ಹಿಡಿದು ಹೆಸರಾದವನಲ್ಲ, ಸಹಚಾಲಕ. ಪಂದ್ಯದ ಮುನ್ನಾದಿನಗಳಲ್ಲಿ ಚಾಲಕನೊಡನೆ ಹಂತವನ್ನು ನಿಧಾನವಾಗಿ ಸುತ್ತಿ, ಪ್ರತಿಯೊಂದು ತಿರುವಿನ ದಿಕ್ಕನ್ನೂ ಬಿಗಿಯನ್ನೂ, ದಿಬ್ಬದ ಆಚೆ ಅಡಗಿರುವ ಕಲ್ಲನ್ನೂ, ಮುಂದಿನ ತಿರುವಿಗೆ ಇರುವ ದೂರವನ್ನೂ ಸಂಕೇತಗಳಲ್ಲಿ ಬರೆದುಕೊಂಡು, ಪಂದ್ಯದ ದಿನ ಕಾರು ಗಾಳಿಯಲ್ಲಿ ಹಾರಿ ನೆಲಕ್ಕೆ ಅಪ್ಪಳಿಸುತ್ತಿರುವಾಗಲೂ ಕಣ್ಣನ್ನು ಪುಸ್ತಕದಿಂದ ಕೀಳದೆ, ಚಾಲಕನಿಗೆ ಬೇಕಾದ ಕ್ಷಣಕ್ಕೆ ಸರಿಯಾಗಿ, ಒಂದು ಉಸಿರು ಮುಂಚೆಯೂ ಅಲ್ಲದೆ ತಡವಾಗಿಯೂ ಅಲ್ಲದೆ ಅದನ್ನು ಓದಿ ಹೇಳುವುದು ಸಹಚಾಲಕನ ಕಾಯಕ. ಕಾಣದ ತಿರುವಿಗೆ ಚಾಲಕನು ಪೂರ್ಣವೇಗದಲ್ಲಿ ನುಗ್ಗುವುದು ತನ್ನ ಕಣ್ಣನ್ನು ನಂಬಿ ಅಲ್ಲ, ಈ ಧ್ವನಿಯನ್ನು ನಂಬಿ. ಮುನ್ನೂರಕ್ಕೂ ಮಿಕ್ಕಿದ ರ‍್ಯಾಲಿಗಳಲ್ಲಿ ಆ ಎಡಗಡೆಯ ಆಸನದಲ್ಲಿ ಕುಳಿತ ಶರೀಫ್, ಹಲವು ಬಾರಿ ರಾಷ್ಟ್ರೀಯ ಕಿರೀಟವನ್ನು ಧರಿಸಿದ್ದಾನೆ. ಚಾಲಕರ ಸಹಜ ಪ್ರತಿಭೆಯನ್ನು ಕೊಂಡಾಡುವವರು ಸಹಚಾಲಕನನ್ನು ಮರೆಯುವುದು ನನಗೆ ಅನ್ಯಾಯವೆನಿಸುತ್ತದೆ.

ಶರೀಫನು ಜತೆಗೂಡಿ ಗೆದ್ದವರಲ್ಲಿ ಪ್ರಮುಖನು ದೆಹಲಿಯ ಗೌರವ್ ಗಿಲ್. 2013, 2016, 2017ರಲ್ಲಿ ಏಷ್ಯಾ-ಪೆಸಿಫಿಕ್ ಕಿರೀಟವನ್ನು ಮುಡಿಗೇರಿಸಿಕೊಂಡು, 2019ರಲ್ಲಿ ಮೋಟಾರು ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿಯನ್ನು ತಂದ ಈತನು ಮೊದಲು ಮೋಟಾರುಸೈಕಲಿನ ಮಣ್ಣಿನ ಪಂದ್ಯಗಳಲ್ಲಿ ಪಳಗಿದವನು ಎಂಬುದು ಗಮನಾರ್ಹ. ಹಗುರವಾದ ರ‍್ಯಾಲಿ ಕಾರಿನಲ್ಲಿಯೂ, ಅದಕ್ಕಿಂತ ಬಹಳ ಭಾರವಾದ ಎಕ್ಸ್‌ಯುವಿ ವಾಹನದಲ್ಲಿಯೂ ಅವನು ಗೆದ್ದದ್ದು, ಕಾರಿಗಿಂತ ಮುಂಚೆ ಎರಡು ಚಕ್ರಗಳ ಮೇಲೆ ಸಮತೋಲವನ್ನು ಕಲಿತ ದೇಹದ ಬಲದಿಂದಲೇ ಇರಬೇಕು. ಇದಕ್ಕೆ ವಿರುದ್ಧವಾದ ಮಾದರಿ ಮನಾಲಿಯ ಸುರೇಶ್ ರಾಣಾ. ರೇಡ್ ದ ಹಿಮಾಲಯವೆಂಬ ಪರ್ವತಪಂದ್ಯವನ್ನು ಪದೇ ಪದೇ ಗೆದ್ದ ಆತನ ಆಧಿಪತ್ಯದಲ್ಲಿ, ಮನೆಯಂಗಳದಂತೆ ಬಲ್ಲ ಹಿಮದ ಕಣಿವೆಗಳ ಪಾಲು ದೊಡ್ಡದು. ಇಬ್ಬರೂ ದೊಡ್ಡವರೇ. ಆದರೆ ಮೊದಲನೆಯವನದು ನೆಲವನ್ನು ಬಿಟ್ಟು ಹೊರಟ ದೊಡ್ಡತನ, ಎರಡನೆಯವನದು ನೆಲದಲ್ಲಿ ಬೇರೂರಿದ ದೊಡ್ಡತನ.

ಹೊರನಾಡುಗಳ ಇತಿಹಾಸವನ್ನು ತಿರುವಿದಾಗಲೂ ಈ ಭೇದವೇ ಎದ್ದು ತೋರುತ್ತದೆ. ಐದು ಬಾರಿ ವಿಶ್ವ ಚಾಂಪಿಯನ್ ಆದ ಅರ್ಜೆಂಟೀನದ ಹ್ವಾನ್ ಮಾನ್ವೆಲ್ ಫಾಂಜಿಯೊ ಯೂರೋಪಿನ ನುಣುಪು ಪಥಗಳಿಗೆ ಬರುವ ಮೊದಲು ಮೆಕ್ಯಾನಿಕ್ಕಾಗಿ ಕೈ ಕಪ್ಪು ಮಾಡಿಕೊಂಡವನು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಆಂಡೀಸ್ ಪರ್ವತಗಳನ್ನು ದಾಟಿ ಪೆರುವಿನ ಲಿಮಾಕ್ಕೆ ಹೋಗಿ ಮರಳುವ, ಸುಮಾರು 9500 ಕಿಲೋಮೀಟರುಗಳ ಧೂಳಿನ ಪಂದ್ಯವನ್ನು ಗೆದ್ದವನು. ಆಲ್ಫಾ ರೋಮಿಯೊ, ಮಾಸೆರಾಟಿ, ಮರ್ಸಿಡಿಸ್, ಫೆರಾರಿ ಎಂಬ ನಾಲ್ಕು ಸಂಸ್ಥೆಗಳ ಕಾರುಗಳಲ್ಲಿ ಅವನು ಕಿರೀಟ ಗೆದ್ದದ್ದು ಯಂತ್ರದ ವಾದವನ್ನು ಬಹುಮಟ್ಟಿಗೆ ನಿರುತ್ತರಗೊಳಿಸುತ್ತದೆ. ಇಂಗ್ಲೆಂಡಿನ ಜಾನ್ ಸರ್ಟೀಸ್ ಮೋಟಾರುಸೈಕಲಿನಲ್ಲಿ ಏಳು ವಿಶ್ವ ಕಿರೀಟಗಳನ್ನು ಗೆದ್ದು, ನಾಲ್ಕು ಚಕ್ರಗಳಿಗೆ ಬಂದು ತನ್ನ ಎರಡನೆಯ ಫಾರ್ಮುಲಾ ಒನ್ ಪಂದ್ಯದಲ್ಲಿಯೇ ಎರಡನೆಯವನಾಗಿ, 1964ರಲ್ಲಿ ಆ ಕಿರೀಟವನ್ನೂ ಧರಿಸಿದನು. ಎರಡು ಲೋಕಗಳ ಕಿರೀಟವನ್ನೂ ಧರಿಸಿದವನು ಇಂದಿಗೂ ಅವನೊಬ್ಬನೇ.

ಜಿಮ್ ಕ್ಲಾರ್ಕ್ ಎಂಬ ಸ್ಕಾಟ್ಲೆಂಡಿನ ಕೃಷಿಕನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಆತನನ್ನು ಕಂಡವರೆಲ್ಲ ಸಹಜ ಪ್ರತಿಭೆಯೆಂಬ ಮಾತಿಗೆ ಅವನನ್ನೇ ಉದಾಹರಿಸಿದರು. ಕಾರಿನಲ್ಲಿ ಅವನು ಶ್ರಮಿಸುತ್ತಿರುವಂತೆ ಕಾಣುತ್ತಲೇ ಇರಲಿಲ್ಲವಂತೆ. 1965ರ ಒಂದೇ ವರ್ಷದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪನ್ನೂ ಅಮೆರಿಕದ ಇಂಡಿಯಾನಾಪೊಲಿಸ್ 500 ಪಂದ್ಯವನ್ನೂ ಗೆದ್ದನು. ಅದಕ್ಕೆ ಹಿಂದಿನ ವರ್ಷ ಬ್ರಿಟನ್ನಿನ ಸಲೂನು ಕಾರುಗಳ ಚಾಂಪಿಯನ್‌ಷಿಪ್ಪನ್ನೂ. ಇಷ್ಟಾದ ಮೇಲೆ 1966ರ ಚಳಿಗಾಲದಲ್ಲಿ, ಹೆಚ್ಚಿನ ಅಭ್ಯಾಸವಿಲ್ಲದೆ, ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಇಳಿದನು. ಅರಣ್ಯದ ಜಲ್ಲಿಯ ಹಂತಗಳಲ್ಲಿ, ಸ್ಕ್ಯಾಂಡಿನೇವಿಯದ ನುರಿತ ರ‍್ಯಾಲಿಗರ ನಡುವೆ, ಕೆಲವು ಹಂತಗಳಲ್ಲಿ ಎಲ್ಲರಿಗಿಂತಲೂ ಶೀಘ್ರವಾಗಿ ಓಡಿಸಿ, ಕಡೆಗೆ ಕಾರನ್ನು ಉರುಳಿಸಿ ಪಂದ್ಯದಿಂದ ಹೊರಗುಳಿದನು. ಸೋತ ಆ ರ‍್ಯಾಲಿಯನ್ನು ಅವನ ಗೆಲುವುಗಳಿಗಿಂತ ಮಿಗಿಲೆಂದು ನಾನು ಎಣಿಸುತ್ತೇನೆ. ಶೀಘ್ರತೆಯೆಂಬುದು ನೆಲವನ್ನು ದಾಟಿ ಬಂತು, ಎಲ್ಲಿ ತಡೆಯಬೇಕೆಂಬ ಅನುಭವವು ಮಾತ್ರ ಬರಲಿಲ್ಲ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ, ಅಷ್ಟೇನೂ ಮಹತ್ವದ್ದಲ್ಲದ ಪಂದ್ಯವೊಂದರಲ್ಲಿ ಅವನು ಮಡಿದಾಗ 32 ವರ್ಷದವನು.

ನಮ್ಮವರೇ ಎನ್ನಬಹುದಾದ ಇಬ್ಬರು ಆಫ್ರಿಕದಲ್ಲಿ ಹೆಸರಾದರು. ಕೀನ್ಯದಲ್ಲಿ ಹುಟ್ಟಿದ ಸಿಖ್ಖರಾದ ಜೋಗಿಂದರ್ ಸಿಂಗ್ ಅಲ್ಲಿನ ಸಫಾರಿ ರ‍್ಯಾಲಿಯನ್ನು 1965, 1974, 1976ರಲ್ಲಿ ಗೆದ್ದರು. ಮೊದಲ ಗೆಲುವಿನಲ್ಲಿ ಸೋದರ ಜಸ್ವಂತ್ ಸಿಂಗರೇ ಸಹಚಾಲಕ, ವಾಹನ ಒಂದು ಹಳೆಯ ವೋಲ್ವೊ. ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹತಾ ಅದೇ ರ‍್ಯಾಲಿಯನ್ನು ಐದು ಬಾರಿ, ಅದರಲ್ಲಿಯೂ 1979ರಿಂದ 1982ರವರೆಗೆ ಒಂದೇ ಸಮನೆ ನಾಲ್ಕು ಬಾರಿ ಗೆದ್ದರು. ಮಳೆ ಬಂದರೆ ಕಾರನ್ನು ನುಂಗುವ ಕಪ್ಪು ಕೆಸರು, ಬಾರದಿದ್ದರೆ ಎದುರನ್ನೇ ಮರೆಸುವ ಧೂಳು, ಅಡ್ಡಬರುವ ಕಾಡುಮೃಗಗಳು, ಇವುಗಳ ನಡುವೆ ಸಾವಿರಾರು ಕಿಲೋಮೀಟರು ಸಾಗುವ ಆ ಸ್ಪರ್ಧೆಯಲ್ಲಿ ಯೂರೋಪಿನ ದೊಡ್ಡ ದೊಡ್ಡ ಚಾಂಪಿಯನ್ನರು ಹಲವರು ಬಂದು ಬರಿಗೈಯಲ್ಲಿ ಮರಳಿದರು.

ನಮ್ಮ ಕಾಲದ ಅತ್ಯಂತ ದೊಡ್ಡ ಆಧಿಪತ್ಯ ಫ್ರಾನ್ಸಿನ ಸೆಬಾಸ್ಟಿಯನ್ ಲೋಬನದು. ಹರೆಯದಲ್ಲಿ ಜಿಮ್ನಾಸ್ಟಿಕ್ ಪಟುವೂ ವೃತ್ತಿಯಿಂದ ಎಲೆಕ್ಟ್ರಿಷಿಯನ್ನನೂ ಆಗಿದ್ದ ಈತನು 2004ರಿಂದ 2012ರವರೆಗೆ ಒಂಬತ್ತು ವರ್ಷ ಎಡೆಬಿಡದೆ ವಿಶ್ವ ರ‍್ಯಾಲಿ ಕಿರೀಟವನ್ನು ಧರಿಸಿದನು. 2006ರಲ್ಲಿ ಲ ಮಾನ್ಸಿನ 24 ಗಂಟೆಗಳ ಪಂದ್ಯದಲ್ಲಿ ಎರಡನೆಯವನಾದನು. 2013ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರವನ್ನು 8 ನಿಮಿಷ 13 ಸೆಕೆಂಡುಗಳಲ್ಲಿ ಏರಿ ಹಿಂದಿನ ದಾಖಲೆಯನ್ನು ಚೂರುಚೂರು ಮಾಡಿದನು. ಇಷ್ಟೆಲ್ಲ ಸಾಧಿಸಿದವನಿಗೆ ಮರುಭೂಮಿಗಳನ್ನು ಹಾಯುವ ಡಕಾರ್ ಎಂಬ ದೀರ್ಘ ಪಂದ್ಯ ಮಾತ್ರ ದಕ್ಕಲಿಲ್ಲ: 2017, 2022, 2023ರಲ್ಲಿ ಎರಡನೆಯ ಸ್ಥಾನ, 2019, 2024ರಲ್ಲಿ ಮೂರನೆಯ ಸ್ಥಾನ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ರ‍್ಯಾಲಿಯಲ್ಲಿ ಮುಂಚಿತವಾಗಿ ನೋಡಿ ಬರೆದ ಟಿಪ್ಪಣಿಯುಂಟು. ಡಕಾರಿನಲ್ಲಿ ಆಯೋಜಕರು ಕೊಡುವ ದಾರಿಪುಸ್ತಕವೊಂದೇ, ಅದರಲ್ಲಿ ದಿಕ್ಕಿನ ಡಿಗ್ರಿ ಮತ್ತು ದೂರವಿರುವುದೇ ಹೊರತು ಮರಳುದಿಬ್ಬದ ಆಚೆ ಏನಿದೆಯೆಂದು ಹೇಳುವವರಿಲ್ಲ. ಟಿಪ್ಪಣಿಯನ್ನು ನಂಬಿ ನೂರಕ್ಕೆ ನೂರು ಓಡಿಸುವ ಕಲೆಯಲ್ಲಿ ಅದ್ವಿತೀಯನಾದವನಿಗೆ, ಕಾಣದಲ್ಲಿ ತೊಂಬತ್ತಕ್ಕೆ ತಡೆದು ಓಡಿಸುವ ಕಲೆ ಪರಭಾಷೆಯೇ ಸರಿ. ಆ ಭಾಷೆಯನ್ನು ಕಲಿತವನು ಸ್ಪೇನಿನ ಕಾರ್ಲೋಸ್ ಸೈನ್ಸ್: 1990 ಮತ್ತು 1992ರ ವಿಶ್ವ ರ‍್ಯಾಲಿ ಚಾಂಪಿಯನ್ನನಾದ ಈತನು 2010, 2018, 2020, 2024ರಲ್ಲಿ ನಾಲ್ಕು ಬೇರೆ ಬೇರೆ ಸಂಸ್ಥೆಗಳ ವಾಹನಗಳಲ್ಲಿ ಡಕಾರನ್ನು ಗೆದ್ದನು, ಕೊನೆಯ ಗೆಲುವಿನ ವೇಳೆಗೆ ಅವನ ವಯಸ್ಸು 61. ಜನ್ಮಜಾತವಾದುದು ಅರುವತ್ತರ ಮೇಲೆ ಕ್ಷೀಣಿಸಬೇಕಿತ್ತಲ್ಲ.

ಇದೇ ಡಕಾರಿನ ದಾರಿಯಲ್ಲಿ ಕನ್ನಡಿಗರು ಕಾಣಿಸಿಕೊಂಡದ್ದು 2015ರಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್, ನಮ್ಮ ಸುತ್ತಣ ಮಣ್ಣಿನ ಮೋಟೋಕ್ರಾಸ್ ಪಂದ್ಯಗಳಲ್ಲಿ ಬೆಳೆದ ಸವಾರ, ಅರ್ಜೆಂಟೀನ, ಚಿಲಿ, ಬೊಲಿವಿಯಗಳನ್ನು ಹಾಯುವ ಆ ವರ್ಷದ ಡಕಾರನ್ನು ಮೋಟಾರುಸೈಕಲಿನಲ್ಲಿ ಪೂರೈಸಿ 36ನೆಯ ಸ್ಥಾನವನ್ನು ಪಡೆದನು. ಅದಕ್ಕೆ ಮುಂಚೆ ಯಾವ ಭಾರತೀಯನೂ ಆ ಪಂದ್ಯದ ಕೊನೆಯನ್ನು ಕಂಡಿರಲಿಲ್ಲ. 36ನೆಯ ಸ್ಥಾನವೆಂದರೆ ಪತ್ರಿಕೆಗಳ ಕಣ್ಣಿಗೆ ಸಣ್ಣದು. ಆದರೆ ನೂರೈವತ್ತಕ್ಕೂ ಮಿಕ್ಕ ಸವಾರರು ಹೊರಟು ಅರ್ಧದಷ್ಟು ಮಂದಿ ಮಾತ್ರ ಮುಟ್ಟುವ ಪಂದ್ಯದಲ್ಲಿ, ಮರಳುಗಾಡಿಲ್ಲದ ದಕ್ಷಿಣದ ಪ್ರಸ್ಥಭೂಮಿಯವನು, ಹಗಲೆಲ್ಲ ಮರಳುದಿಬ್ಬಗಳಲ್ಲಿ ದಿಕ್ಕು ಹುಡುಕುತ್ತ, ಇರುಳು ದಾರಿಪುಸ್ತಕಕ್ಕೆ ಬಣ್ಣದ ಗುರುತು ಹಾಕುತ್ತ, ಎರಡು ವಾರ ಕಳೆದುದನ್ನು ಮನಸ್ಸಿಗೆ ತಂದುಕೊಂಡರೆ ಅದರ ಬೆಲೆ ತಿಳಿಯುತ್ತದೆ. ಬಳಿಕ ಹೀರೊ ಸಂಸ್ಥೆ ರ‍್ಯಾಲಿ ತಂಡವನ್ನು ಕಟ್ಟಿದಾಗ ಅದರ ಮೊದಲ ಸವಾರರಲ್ಲಿ ಸಂತೋಷ್ ಒಬ್ಬನಾದನು. ಉಡುಪಿಯ ಕಡೆಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ ಹೊರಟು, ಎರಡು ವರ್ಷ ಅರ್ಧದಾರಿಯಲ್ಲೇ ನಿಂತು, 2019ರಲ್ಲಿ 37ನೆಯವನಾಗಿ ಗುರಿ ಮುಟ್ಟಿದನು. ಕರಾವಳಿಯ ಈ ಹುಡುಗನನ್ನು ನಾಡಿನ ಮನೆಮನೆಯೂ ಗುರುತಿಸಿದ್ದು ಅದಕ್ಕಾಗಿ ಅಲ್ಲ, ಎರಡು ವರ್ಷಗಳ ಅನಂತರ ದೂರದರ್ಶನದ ಒಂದು ಮನರಂಜನೆಯ ಸ್ಪರ್ಧೆಯಲ್ಲಿ ಕಾಣಿಸಿಕೊಂಡುದಕ್ಕಾಗಿ. ಇದಕ್ಕೆ ಯಾರನ್ನೂ ದೂರಿ ಪ್ರಯೋಜನವಿಲ್ಲ.

ಆ 2019ರಲ್ಲಿಯೇ, ನೆಲ ಬದಲಾಯಿಸುವ ಪರೀಕ್ಷೆಯಲ್ಲಿ ಉತ್ತೀರ್ಣಳಾದ ಕನ್ನಡತಿಯೊಬ್ಬಳು ಇತಿಹಾಸದಲ್ಲಿ ಹೆಸರು ಬರೆಯಿಸಿದಳು. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಮೊದಲು ಟಾರಿನ ಪಥದ ಸವಾರಿಣಿ. ಮಹಿಳೆಯರ ರಾಷ್ಟ್ರೀಯ ರಸ್ತೆಪಂದ್ಯಗಳಲ್ಲಿ ಕಿರೀಟ ಗೆದ್ದು, ಅಲ್ಲಿಗೆ ತೃಪ್ತಳಾಗದೆ ಮಣ್ಣಿಗೂ ಮರಳಿಗೂ ಇಳಿದಳು. 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ಪಂದ್ಯದಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟಾಗಿ, ಸವಾರಿ ಮುಗಿಯಿತೇನೋ ಎಂಬ ಸ್ಥಿತಿಯಿಂದ ಎದ್ದು, ಮರುವರ್ಷ ದುಬೈಯಲ್ಲಿ ಮಹಿಳಾ ವಿಭಾಗವನ್ನು ಗೆದ್ದು, ಪೋರ್ಚುಗಲ್, ಸ್ಪೇನ್, ಹಂಗೆರಿಗಳಲ್ಲಿ ಅಂಕಗಳನ್ನು ಕೂಡಿಸಿ, ಬಾಹಾ ವಿಶ್ವಕಪ್ಪಿನ ಮಹಿಳಾ ಕಿರೀಟವನ್ನು ಪಡೆದಳು. ಮೋಟಾರು ಕ್ರೀಡೆಯಲ್ಲಿ ವಿಶ್ವಕಿರೀಟ ಗೆದ್ದ ಮೊದಲ ಭಾರತೀಯ ವ್ಯಕ್ತಿ ಎಂಬ ಗೌರವ ಅವಳದಾಯಿತು. ಹೆಂಗಸರಿಗೆ ಇದು ಹೇಳಿದ ಆಟವಲ್ಲವೆಂಬ ಮಾತಿಗೆ ಉತ್ತರವನ್ನು 1982ರಷ್ಟು ಹಿಂದೆಯೇ ಫ್ರಾನ್ಸಿನ ಮಿಷೆಲ್ ಮೂಟನ್ ಕೊಟ್ಟಿದ್ದಳು: ಗಂಡಸರೊಡನೆಯೇ ಸೆಣಸಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್‌ಗಳ ರ‍್ಯಾಲಿಗಳನ್ನು ಗೆದ್ದು ಆ ವರ್ಷದ ವಿಶ್ವ ರ‍್ಯಾಲಿಯಲ್ಲಿ ಎರಡನೆಯವಳಾದಳು. ಆದರೂ ಅದೇ ಮಾತನ್ನು ಬೆಂಗಳೂರಿನಲ್ಲಿ ಐಶ್ವರ್ಯ ಮತ್ತೆ ಕೇಳಬೇಕಾಯಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈಗ ಇನ್ನೊಂದು ಬಗೆಯ ತಲೆಮಾರು ಬಂದಿದೆ. ಬೆಂಗಳೂರಿನ ಸೋದರರಾದ ಅರ್ಜುನ್ ಮೈನಿ, ಕುಶ್ ಮೈನಿ ಎಳವೆಯಲ್ಲಿಯೇ ಕಾರ್ಟು ಓಡಿಸಲು ಕಲಿತು, ಹದಿಹರೆಯದಲ್ಲಿ ಯೂರೋಪಿಗೆ ಹೋಗಿ, ಒಂದೇ ಕಾಲುವೆಯಲ್ಲಿ ಹರಿದವರು. ಕುಶ್ 2025ರಲ್ಲಿ ಮೊನಾಕೊದ ಇಕ್ಕಟ್ಟಿನ ಬೀದಿಗಳಲ್ಲಿ ಫಾರ್ಮುಲಾ ಟು ಪಂದ್ಯವೊಂದನ್ನು ಗೆದ್ದನು. ಈ ಮಾರ್ಗದಲ್ಲಿ ಕೌಶಲ ಸೂಜಿಮೊನೆಯಷ್ಟು ಹರಿತವಾಗುವುದು ನಿಶ್ಚಯ. ಆದರೆ ಇಷ್ಟು ಎಳೆಯ ವಯಸ್ಸಿನಿಂದ ಒಂದೇ ಬಗೆಯ ನೆಲಕ್ಕೆ ಒಗ್ಗಿದವರು ಸರ್ಟೀಸನಂತೆ, ಕ್ಲಾರ್ಕನಂತೆ ಬೇಲಿ ಹಾರುವ ಸಾಹಸಕ್ಕೆ ಇಳಿಯುವುದು ವಿರಳವಾಗುತ್ತಿದೆ. ಇಳಿಯಲು ಒಪ್ಪಂದಗಳೂ ಬಿಡವು.

ಸಂತೋಷನ ಕಥೆ 2021ರಲ್ಲಿ ಸೌದಿ ಅರೇಬಿಯದ ಮರುಭೂಮಿಯಲ್ಲಿ ಘೋರವಾದ ತಿರುವನ್ನು ಪಡೆಯಿತು. ಡಕಾರಿನ ನಾಲ್ಕನೆಯ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾದ ಆತನನ್ನು ವಿಮಾನದಲ್ಲಿ ರಿಯಾದಿನ ಆಸ್ಪತ್ರೆಗೆ ಸಾಗಿಸಿ, ಔಷಧಗಳಿಂದ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ನಡೆಸಬೇಕಾಯಿತು. ಬದುಕಿ ಊರಿಗೆ ಮರಳಿದನು. ಅದಕ್ಕೂ ವರ್ಷಗಳ ಮೊದಲೇ ಅವನು ಕೋಲಾರದ ಬಳಿ, ಬಂಡೆಗಳ ಸೆರಗಿನ ಬಯಲಿನಲ್ಲಿ, ಬಿಗ್‌ರಾಕ್ ಎಂಬ ಮಣ್ಣಿನ ಸವಾರಿಯ ಶಾಲೆಯನ್ನು ತೆರೆದಿದ್ದನು. ಬೆಂಗಳೂರಿನ ಕಚೇರಿಗಳಲ್ಲಿ ವಾರವೆಲ್ಲ ಕುಳಿತು ಬರುವ ಯುವಕ ಯುವತಿಯರು ಅಲ್ಲಿ ಮೊದಲು ಕಲಿಯುವುದು ವೇಗವಾಗಿ ಓಡಿಸುವುದನ್ನಲ್ಲ. ಫುಟ್‌ಪೆಗ್ಗುಗಳ ಮೇಲೆ ಎದ್ದು ನಿಂತು, ಮೊಳಕಾಲನ್ನು ಸಡಿಲ ಬಿಟ್ಟು, ಚಕ್ರ ಜಾರಿದಾಗ ಬ್ರೇಕನ್ನು ಹಿಡಿಯದೆ ಇರುವುದನ್ನು.